ನೆಲದೊಳಗಿನ ಸಾಲ

ವಿಷಯ

ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ ಎ-9 ಹೆದ್ದಾರಿಯಲ್ಲಿ ಮುಹಮಾಲೈ ಎಂಬ ಊರು ಸಿಗುತ್ತದೆ. ಶ್ರೀಲಂಕಾದ ಸೇನೆ ಮತ್ತು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ವರ್ಷಗಟ್ಟಲೆ ಎದುರುಬದುರು ಕಂದಕ ತೋಡಿಕೊಂಡು ಕೂತಿದ್ದ ಜಾಗ ಅದು. ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಶೆಲ್ ಬಡಿದು ತಲೆ ಹಾರಿಹೋದ ತಾಳೆಮರಗಳು ಬರೀ ಕಂಬಗಳಾಗಿ ಉಳಿದವು. ಅವುಗಳ ಬುಡದಲ್ಲಿ, ಮರಳುಮಣ್ಣಿನ ಒಂದು ಗೇಣಿನ ಒಳಗೆ, ಯುದ್ಧ ಮುಗಿದಿರಲಿಲ್ಲ.

ಅಂಥ ನೆಲದಲ್ಲಿ ನೆಲಬಾಂಬ್ ತೆಗೆಯುವ ಕೆಲಸ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಬೇಕು. ಬಿಸಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಮೈಮೇಲೆ ದಪ್ಪನೆಯ ರಕ್ಷಾಕವಚ, ಮುಖದ ಮೇಲೆ ಗದ್ದದ ಕೆಳಗಿನವರೆಗೆ ಇಳಿಯುವ ಪಾರದರ್ಶಕ ಪರದೆ. ಮುಂದೆ ಒಂದು ಮೀಟರ್ ಅಗಲದ ಓಣಿ, ಅದರ ಎರಡೂ ಬದಿಗೆ ಬಣ್ಣ ಬಳಿದ ಗೂಟಗಳು. ಲೋಹಶೋಧಕವೊಂದನ್ನೇ ನಂಬಿಕೊಂಡರೆ ಇಲ್ಲಿ ಕೆಲಸ ಸಾಗುವುದಿಲ್ಲ. ಶೆಲ್ಲಿನ ಚೂರುಗಳು ತುಂಬಿದ ನೆಲದಲ್ಲಿ ಅದು ಎಲ್ಲದಕ್ಕೂ ಕೂಗುತ್ತದೆ. ಹುಡುಕುತ್ತಿರುವ ಬಾಂಬಿನ ಮೈ ಪ್ಲಾಸ್ಟಿಕ್ಕಿನದು, ಅದರೊಳಗಿನ ಲೋಹ ತೀರ ಅಲ್ಪ. ಹಾಗಾಗಿ ಅವಳು ಉದ್ದ ಹಿಡಿಯ ಹಲ್ಲಿನ ಗೋರೆಯಿಂದ ಮಣ್ಣನ್ನು ಮೆಲ್ಲಗೆ, ಪದರಪದರವಾಗಿ ತನ್ನತ್ತ ಎಳೆದುಕೊಳ್ಳುತ್ತಾಳೆ. ಬಾಂಬ್ ಸಿಡಿಯುವುದು ಮೇಲಿನಿಂದ ಭಾರ ಬಿದ್ದಾಗ. ಪಕ್ಕದಿಂದ ಮಣ್ಣು ಸರಿಸಿದರೆ ಅದರ ಅಂಚು ಕಾಣುತ್ತದೆ. ಬೆಳಗಿನಿಂದ ಗೋರಿದರೂ ಸಂಜೆಗೆ ಶುದ್ಧವಾಗುವ ನೆಲ ಒಂದು ಸಣ್ಣ ಕೋಣೆಯಷ್ಟು. ಈ ಕೆಲಸ ಮಾಡುವವರಲ್ಲಿ ಅದೇ ಸೀಮೆಯ ಹೆಂಗಸರು ಬಹಳ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಮನೆಯ ಭಾರ ಹೊತ್ತವರೂ ಅವರಲ್ಲಿದ್ದಾರೆ.

ಅವಳ ಸಂಬಳ, ಅವಳ ಕವಚ, ಪಕ್ಕದಲ್ಲೇ ಕಾಯುವ ಆಂಬುಲೆನ್ಸ್, ಇವುಗಳ ಖರ್ಚು ಬಹುಮಟ್ಟಿಗೆ ಹೊರದೇಶಗಳಿಂದ ಬರುತ್ತದೆ. ಅದೇ ಹಣದ ಇನ್ನೊಂದು ಪಾಲು ಪಕ್ಕದ ಊರಿನ ಶಾಲೆಗೆ ಹೋಗುತ್ತದೆ. ಅಲ್ಲಿ ಮಕ್ಕಳಿಗೆ ಕೆಂಪು ಫಲಕದ ತಲೆಬುರುಡೆ ಗುರುತು ತೋರಿಸಿ, ‘ಇದರಾಚೆ ಹೋಗಬೇಡಿ, ಗೊತ್ತಿಲ್ಲದ ವಸ್ತು ಮುಟ್ಟಬೇಡಿ, ಕಂಡರೆ ದೊಡ್ಡವರಿಗೆ ಹೇಳಿ’ ಎಂದು ಕಲಿಸುತ್ತಾರೆ. ಮೊದಲನೆಯದು ತೆರವು, ಎರಡನೆಯದು ತಿಳಿವಳಿಕೆ. ಈ ಎರಡಕ್ಕೂ ಜಗತ್ತು ಕೊಡುವ ಹಣವೇ ನಮ್ಮ ವಿಚಾರದ ವಿಷಯ.

ಸಂಶಯ

ಈ ಹಣ ದಾನವೋ, ಋಣವೋ?

ಇದು ಬರೀ ಹೆಸರಿನ ಪ್ರಶ್ನೆಯಲ್ಲ. ದಾನವಾದರೆ ಕೊಟ್ಟಷ್ಟೇ ಪುಣ್ಯ, ಬೇಡವೆನಿಸಿದ ದಿನ ನಿಲ್ಲಿಸಬಹುದು. ದಾನ ಕೊಟ್ಟ ದನದ ಹಲ್ಲು ಎಣಿಸಬಾರದೆಂಬ ಗಾದೆಯೂ ಇದೆ. ಋಣವಾದರೆ ಹಾಗಲ್ಲ. ಅದಕ್ಕೆ ಲೆಕ್ಕ ಉಂಟು, ಗಡುವು ಉಂಟು, ಕೊನೆಯ ಕಂತಿನವರೆಗೆ ಬಿಡುಗಡೆ ಇಲ್ಲ. ಪಡೆಯುವವನು ಹಲ್ಲು ಎಣಿಸಿಯೇ ತೆಗೆದುಕೊಳ್ಳಬಹುದು. ಯಜ್ಞವಿಧಿಗಳ ಅರ್ಥ ವಿಚಾರಿಸಿದ ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ದಾನ ಕಾಮ್ಯಕರ್ಮ, ಫಲ ಬೇಕೆನಿಸಿದವನು ಮಾಡುವಂಥದು. ಋಣ ತೀರಿಸುವುದು ನಿತ್ಯಕರ್ಮ, ಬಿಟ್ಟರೆ ದೋಷ ತಟ್ಟುವಂಥದು.

ಇದು ಋಣ ಎಂಬುದು ನನ್ನ ಪಕ್ಷ. ಆದರೆ ವಿರುದ್ಧ ವಾದಗಳು, ಅಂದರೆ ಪೂರ್ವಪಕ್ಷಗಳು, ಹಗುರವಾದವಲ್ಲ. ಅವನ್ನು ಒಂದೊಂದಾಗಿ ಎದುರಿಸದೆ ಈ ಮಾತು ನಿಲ್ಲುವುದಿಲ್ಲ.

ಮೊದಲ ಪೂರ್ವಪಕ್ಷ: ಹುಗಿದವರೇ ತೆಗೆಯಲಿ

‘ಬಾಂಬ್ ಹುಗಿದವರು ಯಾರೋ, ತೆಗೆಯುವ ಖರ್ಚು ಅವರದು. ಯುದ್ಧದಲ್ಲಿ ಇಲ್ಲದ ನಾರ್ವೆಯವರೋ ಜಪಾನಿನವರೋ ಯಾಕೆ ಕೊಡಬೇಕು?’

ನ್ಯಾಯದ ಮಾತೇ. ಆದರೆ ಹುಗಿದವರನ್ನು ಹುಡುಕಲು ಹೊರಟರೆ ಏನು ಸಿಗುತ್ತದೆ ನೋಡಿ. ಮುಹಮಾಲೈಯಲ್ಲಿ ಹುಗಿದ ಎರಡು ಕಡೆಯವರಲ್ಲಿ ಎಲ್‌ಟಿಟಿಇ ಇಂದು ಇಲ್ಲವೇ ಇಲ್ಲ. ಉಳಿದಿರುವುದು ಶ್ರೀಲಂಕಾ ಸರ್ಕಾರ. ಅದು 2017ರಲ್ಲಿ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ ಸೇರಿತು, 2028ರ ಜೂನ್ ಒಳಗೆ ತನ್ನ ನೆಲ ಶುದ್ಧ ಮಾಡುವ ಹೊಣೆ ಹೊತ್ತಿತು. ಅದರ ಸೇನೆಯ ತೆರವು ಘಟಕವೂ ಕೆಲಸ ಮಾಡುತ್ತಿದೆ. ಹೊರಗಿನ ನೆರವಿನಿಂದ ಆ ಹೊಣೆ ಇಳಿಯುವುದಿಲ್ಲ, ಹೊರುವ ಕೈಗಳು ಹೆಚ್ಚುತ್ತವೆ ಅಷ್ಟೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗೋಣ. ಅಲ್ಲಿಯ ಮಣ್ಣಿನಿಂದ ಬಂದ ಪಿ-4 ಬಾಂಬ್ ತಯಾರಾದದ್ದು ಪಾಕಿಸ್ತಾನದಲ್ಲಿ. ಅದನ್ನೇ ನೋಡಿ ನಕಲು ಮಾಡಿ ಎಲ್‌ಟಿಟಿಇ ‘ರಂಗನ್ 99’ ಎಂಬ ತನ್ನದೇ ಬಾಂಬ್ ಮಾಡಿಕೊಂಡಿತು. ಯುದ್ಧ ಒಂದು ದೇಶದ್ದಾದರೂ ಮದ್ದು, ಪ್ಲಾಸ್ಟಿಕ್ಕು, ವಿದ್ಯೆ, ಲಾಭ ಹಲವು ದೇಶಗಳವು. ಲಾವೋಸ್ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿಯಿತು. ಅದರಲ್ಲಿದ್ದ ಸುಮಾರು 27 ಕೋಟಿ ಮರಿಬಾಂಬ್‌ಗಳಲ್ಲಿ ಕೋಟಿಗಟ್ಟಲೆ ಸಿಡಿಯದೆ ಗದ್ದೆಗಳಲ್ಲಿ ಉಳಿದವು. ಅಲ್ಲಿನವರು ಅವನ್ನು ‘ಬಾಂಬಿ’ ಎನ್ನುತ್ತಾರೆ. ಚೆಂಡಿನಷ್ಟು ಗಾತ್ರ, ಚೆಂಡಿನಂಥದೇ ಆಕಾರ. ಮಗು ಎತ್ತಿಕೊಳ್ಳುವುದು ಅದಕ್ಕೇ. 2016ರಲ್ಲಿ ಅಧ್ಯಕ್ಷ ಒಬಾಮಾ ಲಾವೋಸ್‌ಗೆ ಹೋಗಿ, ಮೂರು ವರ್ಷಕ್ಕೆ 9 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಸುರಿದವರೇ ಕೊಟ್ಟ ಆ ಹಣವನ್ನು ದಾನವೆನ್ನಲು ಯಾರ ನಾಲಿಗೆಯೂ ಏಳದು.

ಹಾಗಾದರೆ ಯುದ್ಧವನ್ನೂ ಮಾಡದ, ಬಾಂಬನ್ನೂ ಮಾರದ ದೇಶದ ಮಾತೇನು? ಅದರ ಋಣ ಕೊಟ್ಟ ಮಾತಿನಿಂದ ಹುಟ್ಟಿದ್ದು. 1997ರ ಡಿಸೆಂಬರಿನಲ್ಲಿ ಒಟ್ಟಾವದಲ್ಲಿ ಸಹಿಗೆ ತೆರೆದ ಅದೇ ನೆಲಬಾಂಬ್ ನಿಷೇಧ ಒಪ್ಪಂದದ 6ನೇ ವಿಧಿ ಎರಡು ಮಾತು ಹೇಳುತ್ತದೆ. ನೆರವು ಕೇಳುವುದು, ಪಡೆಯುವುದು ಪ್ರತಿ ಸದಸ್ಯದೇಶದ ಹಕ್ಕು. ಕೊಡುವ ಸ್ಥಿತಿಯಲ್ಲಿರುವ ಪ್ರತಿ ದೇಶವೂ ತೆರವಿಗೆ, ಗಾಯಾಳುಗಳ ಆರೈಕೆಗೆ, ತಿಳಿವಳಿಕೆಗೆ ನೆರವು ಕೊಡತಕ್ಕದ್ದು. ‘ಕೊಡುವ ಸ್ಥಿತಿಯಲ್ಲಿರುವ’ ಎಂಬ ಮಾತು ತಪ್ಪಿಸಿಕೊಳ್ಳುವ ಕಿಂಡಿ ಎಂದು ಕೆಲವರು ವಾದಿಸುತ್ತಾರೆ. ಮೀಮಾಂಸೆ ಅದನ್ನು ಹಾಗೆ ಓದುವುದಿಲ್ಲ. ಸಾಮರ್ಥ್ಯ ಇರುವವನೇ ಕರ್ಮದ ಅಧಿಕಾರಿ ಎಂಬುದು ಹಳೆಯ ನಿಯಮ. ಈ ಮಾತು ಯಾರು ಅಧಿಕಾರಿ ಎಂದು ಗುರುತಿಸುತ್ತದೆ. ಗುರುತಿಸಿದ ಮೇಲೆ ಉಳಿಯುವುದು ‘ಕೊಡತಕ್ಕದ್ದು’ ಎಂಬ ವಿಧಿ ಒಂದೇ. ಒಂದು ಕಡೆ ಹಕ್ಕು ಇದ್ದು ಇನ್ನೊಂದು ಕಡೆ ವಿಧಿ ಇದ್ದರೆ, ಆ ಸಂಬಂಧಕ್ಕೆ ನಮ್ಮ ಭಾಷೆಯಲ್ಲಿರುವ ಹೆಸರು ಋಣ.

ಎರಡನೆಯ ಪೂರ್ವಪಕ್ಷ: ಸಾಯುವವರೇ ಕಡಿಮೆ

‘ಕ್ಷಯದಿಂದ, ಮಲೇರಿಯಾದಿಂದ ಸಾಯುವವರು ಲಕ್ಷಗಟ್ಟಲೆ. ನೆಲಬಾಂಬಿಗೆ ಬಲಿಯಾಗುವವರು ಅದರ ಮುಂದೆ ಎಷ್ಟು? ಬಾಂಬ್ ಮಾಡಲು ಮೂರು ಡಾಲರ್ ಸಾಕು, ತೆಗೆಯಲು ನೂರಾರು ಡಾಲರ್ ಬೇಕು ಎನ್ನುತ್ತಾರೆ. ಅಷ್ಟು ಹಣವನ್ನು ಸೊಳ್ಳೆಪರದೆಗೆ ಕೊಟ್ಟರೆ ಹೆಚ್ಚು ಜೀವ ಉಳಿಯುತ್ತದೆ.’

ಇದು ಕರುಣೆಯಿಂದಲೇ ಬರುವ ವಾದ. ಆದ್ದರಿಂದ ಇದಕ್ಕೆ ನಿಧಾನವಾಗಿ ಉತ್ತರಿಸಬೇಕು.

ಸಂಖ್ಯೆ ಕಡಿಮೆಯಾದದ್ದು ತಾನಾಗಿ ಅಲ್ಲ. ಕಾಂಬೋಡಿಯಾದಲ್ಲಿ 1996ರ ಒಂದೇ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ ನೂರರ ಒಳಗಿದೆ. ನಡುವಿನ ಕಾಲು ಶತಮಾನ ಪೂರ್ತಿ ಹಣ ಹರಿದಿದೆ, ನೆಲ ಅಗೆಯಲಾಗಿದೆ, ಶಾಲೆ ಶಾಲೆಗೆ ಪಾಠ ಹೋಗಿದೆ. ಕಟ್ಟೆ ಗಟ್ಟಿಯಿರುವುದರಿಂದ ನೀರು ಹರಿಯುತ್ತಿಲ್ಲ; ನೀರು ಕಾಣಿಸುತ್ತಿಲ್ಲವೆಂದು ಕಟ್ಟೆ ಒಡೆಯಬಹುದೇ? ಅಲ್ಲದೆ ಜಗತ್ತಿನ ಒಟ್ಟು ಲೆಕ್ಕ ಸಣ್ಣದೂ ಅಲ್ಲ. ನೆಲಬಾಂಬ್ ಮತ್ತು ಯುದ್ಧದಲ್ಲಿ ಸಿಡಿಯದೆ ಉಳಿದ ಇತರ ಸ್ಫೋಟಕಗಳಿಂದ 2023ರಲ್ಲಿ ಕನಿಷ್ಠ 5,757 ಮಂದಿ ಸತ್ತರು ಇಲ್ಲವೇ ಗಾಯಗೊಂಡರೆಂದು ‘ಲ್ಯಾಂಡ್‌ಮೈನ್ ಮಾನಿಟರ್’ ವರದಿ ದಾಖಲಿಸಿದೆ. ಅವರಲ್ಲಿ ಬಹುಪಾಲು ನಾಗರಿಕರು. ವಯಸ್ಸು ಗೊತ್ತಾದ ನಾಗರಿಕರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಕ್ಕಳು.

ಇನ್ನು, ನೆಲಬಾಂಬಿನ ಹಾನಿಯನ್ನು ಹೆಣಗಳಿಂದ ಮಾತ್ರ ಅಳೆಯಲಾಗದು. ಒಂದು ಎಕರೆಯಲ್ಲಿ ಒಂದೇ ಬಾಂಬ್ ಇದ್ದರೂ ಸಾಕು, ಇಡೀ ಎಕರೆ ಹೋದಂತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಹಣಿಯಲ್ಲಿ ಹೆಸರಿದೆ, ಹೊಲದಲ್ಲಿ ಕಾಲಿಡುವಂತಿಲ್ಲ. ಬಾವಿಯ ದಾರಿ ಮುಚ್ಚಿದರೆ ನೀರಿಗೆ ಹೋಗುವ ಹೆಂಗಸು ದಿನಾ ಸುತ್ತು ಹಾಕಬೇಕು. ರಸ್ತೆ ಮುಚ್ಚಿದರೆ ಸಂತೆ ಮುಚ್ಚುತ್ತದೆ. ಮೊಜಾಂಬಿಕ್‌ನ ಅನುಭವ ಇದಕ್ಕೆ ಸಾಕ್ಷಿ. 1992ರಲ್ಲಿ ಅಂತರ್ಯುದ್ಧ ಮುಗಿಸಿದ ಆ ದೇಶ ಹಲವು ದೇಶಗಳ ನೆರವಿನಿಂದ ಬಾಂಬ್ ತೆಗೆಯುತ್ತಾ ಬಂದು, 2015ರ ಸೆಪ್ಟೆಂಬರಿನಲ್ಲಿ ತನ್ನ ನೆಲ ಮುಕ್ತವಾಯಿತೆಂದು ಸಾರಿತು. ಕಿಯೊವೆಲ್ಲಿ, ಮಿಕಲೋಪುಲಸ್, ಪಾಪಾಯೊಆನು ಎಂಬ ಅರ್ಥಶಾಸ್ತ್ರಜ್ಞರು ಆ ತೆರವಿನ ದಾಖಲೆಗಳನ್ನೂ ಆರ್ಥಿಕ ಚಟುವಟಿಕೆಯ ಅಳತೆಯಾಗಿ ಉಪಗ್ರಹಕ್ಕೆ ಕಾಣುವ ರಾತ್ರಿಯ ಬೆಳಕನ್ನೂ ಜೋಡಿಸಿ ನೋಡಿದರು. ರಸ್ತೆ, ರೈಲುಹಾದಿ, ಪೇಟೆಗಳ ಸುತ್ತ ಬಾಂಬ್ ತೆಗೆದಾಗ ಲಾಭ ಆ ಜಾಗದಲ್ಲೇ ನಿಲ್ಲಲಿಲ್ಲ. ಆ ಹಾದಿಯನ್ನು ನಂಬಿಕೊಂಡಿದ್ದ ದೂರದ ಊರುಗಳಿಗೂ ಹಬ್ಬಿತು.

ಸೊಳ್ಳೆಪರದೆಯ ಹಣ ಸೊಳ್ಳೆಪರದೆಗೇ ಹೋಗಲಿ. ಆದರೆ ಪರದೆ ಹಂಚುವ ದಾದಿ ಆ ಊರು ಮುಟ್ಟಬೇಕಾದರೂ ದಾರಿ ಮೊದಲು ಶುದ್ಧವಾಗಿರಬೇಕು.

ಮೂರನೆಯ ಪೂರ್ವಪಕ್ಷ: ತಿಳಿವಳಿಕೆಯೇ ಸಾಕು

‘ತೆರವು ದುಬಾರಿ, ತಿಳಿವಳಿಕೆ ಅಗ್ಗ. ಜನಕ್ಕೆ ಎಚ್ಚರ ಕಲಿಸಿ, ಫಲಕ ನೆಟ್ಟು ಬೇಲಿ ಹಾಕಿದರೆ ಮುಗಿಯಿತು.’

ಕೆಲವರು ಇದನ್ನೇ ತಿರುಗಿಸಿ ಹೇಳುತ್ತಾರೆ: ‘ಬಾಂಬನ್ನೇ ತೆಗೆಯುವಾಗ ಪಾಠ, ನಾಟಕ, ಹಾಡು ಎಂದು ಯಾಕೆ ಹಣ ಹಾಳು?’ ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಕೆಂಪು ಫಲಕ ಓದಲು ಬಾರದವನು ಮಾತ್ರ ಬೇಲಿ ದಾಟುತ್ತಾನೆ ಎಂದುಕೊಳ್ಳುವುದು ತಪ್ಪು. ಓದಬಲ್ಲವನೂ ದಾಟುತ್ತಾನೆ. ಒಲೆಗೆ ಸೌದೆ ಬೇಕು, ದನಕ್ಕೆ ಮೇವು ಬೇಕು, ಗುಜರಿ ಕಬ್ಬಿಣಕ್ಕೆ ನಾಲ್ಕು ಕಾಸು ಸಿಗುತ್ತದೆ. ಅಪಾಯ ಗೊತ್ತಿದ್ದೂ ಕಾಲಿಡುವವನಿಗೆ ಇನ್ನೊಂದು ಪಾಠ ಹೇಳುವುದರಿಂದ ಅವನ ಒಲೆ ಉರಿಯುವುದಿಲ್ಲ. ಜ್ಞಾನ ಎಚ್ಚರ ಕೊಡುತ್ತದೆ, ನೆಲ ಕೊಡುವುದಿಲ್ಲ.

ಹಾಗೆಂದು ತೆರವೊಂದೇ ಸಾಲದು. ತೆರವಿಗೆ ದಶಕಗಳು ಹಿಡಿಯುತ್ತವೆ. ನಿರಾಶ್ರಿತರ ಶಿಬಿರದಿಂದ ಮನೆಗೆ ಮರಳಿದ ಕುಟುಂಬ ಅಷ್ಟು ಕಾಲ ಅದೇ ನೆಲದ ಪಕ್ಕದಲ್ಲಿ ಬದುಕಬೇಕು. ಶಿಬಿರದಲ್ಲೇ ಹುಟ್ಟಿದ ಹುಡುಗನಿಗೆ ತನ್ನ ಊರಿನ ಯಾವ ಮೂಲೆ ಕೆಟ್ಟದ್ದೆಂದು ಹೇಗೆ ಗೊತ್ತಾದೀತು? ಮಳೆಗಾಲದಲ್ಲಿ ನೆರೆ ಬಂದರೆ ಬಾಂಬ್ ಒಂದು ಹೊಲದಿಂದ ಇನ್ನೊಂದಕ್ಕೆ ಸರಿಯಲೂಬಹುದು. ಮತ್ತೊಂದು ಮಾತು. ತಿಳಿವಳಿಕೆ ತಂಡ ಮನೆ ಮನೆಗೆ ಹೋದಾಗ ಹೇಳುವಷ್ಟೇ ಕೇಳುತ್ತದೆ ಕೂಡ. ‘ಅಲ್ಲಿ ಹಸು ಸತ್ತಿತ್ತು’, ‘ಆ ಬದುವಿನ ಮೇಲೆ ನಮ್ಮಪ್ಪ ಏನೋ ಕಂಡಿದ್ದರು’ ಎಂಬ ಮಾತುಗಳು ಸರ್ವೆಯವರ ನಕ್ಷೆಯಾಗುತ್ತವೆ. ಸರ್ವೆ ಸರಿಯಾದರೆ ಬಾಂಬೇ ಇಲ್ಲದ ನೆಲವನ್ನು ಅಗೆಯುವ ಖರ್ಚು ಉಳಿಯುತ್ತದೆ.

ಮೀಮಾಂಸಕರು ಯಾಗದಲ್ಲಿ ಪ್ರಧಾನ ಯಾವುದು, ಅಂಗ ಯಾವುದು ಎಂದು ವಿಂಗಡಿಸುತ್ತಾರೆ. ಅಂಗಕ್ಕೆ ಪ್ರಧಾನದಿಂದಲೇ ಸಾರ್ಥಕ್ಯ. ಅಂಗ ತಪ್ಪಿದರೆ ಪ್ರಧಾನ ಊನ. ಇಲ್ಲಿ ತೆರವು ಪ್ರಧಾನ, ತಿಳಿವಳಿಕೆ ಅಂಗ. ಒಂದರ ಹಣವನ್ನು ಇನ್ನೊಂದಕ್ಕೆ ಬದಲಿ ಎಂದು ಲೆಕ್ಕ ಬರೆಯುವುದು ತಪ್ಪು.

ಇದಕ್ಕೊಂದು ಅಪವಾದವಿದೆ. ಯುದ್ಧ ಇನ್ನೂ ನಡೆಯುತ್ತಿರುವಲ್ಲಿ ತೆರವು ಬಹುಮಟ್ಟಿಗೆ ಅಸಾಧ್ಯ. 2023ರಲ್ಲಿ ಅತಿ ಹೆಚ್ಚು, 1,003 ಮಂದಿ ಬಲಿಯಾದ ಅಥವಾ ಗಾಯಗೊಂಡ ಮ್ಯಾನ್ಮಾರ್‌ನ ಸ್ಥಿತಿ ಅದೇ. ಅಲ್ಲಿ ಸದ್ಯಕ್ಕೆ ಮುಖ್ಯವಾಗಿ ಮಾಡಬಹುದಾದದ್ದು ಎಚ್ಚರಿಕೆಯ ಮಾತು ಮುಟ್ಟಿಸುವುದು. ಆಪತ್ಕಾಲದಲ್ಲಿ ಅಂಗವೇ ಪ್ರಧಾನದ ಜಾಗ ಹಿಡಿಯುತ್ತದೆ. ಪ್ರಧಾನ ಬಾಕಿ ಇದೆಯೆಂಬುದು ಮಾತ್ರ ಮರೆಯಬಾರದು.

ನಾಲ್ಕನೆಯ ಪೂರ್ವಪಕ್ಷ: ನೆರವನ್ನು ನಂಬುವಂತಿಲ್ಲ

‘ಹೊರಗಿನ ಹಣ ಕೊಡುವವನ ರಾಜಕೀಯಕ್ಕೆ ತಕ್ಕಂತೆ ಬರುತ್ತದೆ, ಹೋಗುತ್ತದೆ. ಸುದ್ದಿಯಲ್ಲಿರುವ ದೇಶಕ್ಕೆ ಹೊಳೆಯಾಗಿ ಹರಿಯುತ್ತದೆ, ಮರೆತ ದೇಶಕ್ಕೆ ಹನಿಯೂ ಇಲ್ಲ. ಅದನ್ನು ನಂಬಿ ಯೋಜನೆ ಹಾಕುವುದು ಮೂರ್ಖತನ.’

ಇದರಲ್ಲಿ ಹೇಳಿದ ಸಂಗತಿಯನ್ನೆಲ್ಲ ಒಪ್ಪುತ್ತೇನೆ. 1993ರಿಂದ ಈ ಕೆಲಸಕ್ಕೆ 500 ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟ ಅಮೆರಿಕ ಈ ಕ್ಷೇತ್ರದ ಅತಿದೊಡ್ಡ ದಾನಿ. 2025ರ ಜನವರಿಯಲ್ಲಿ ಅದು ಬಹುತೇಕ ವಿದೇಶಿ ನೆರವನ್ನು ತಡೆಹಿಡಿದಾಗ ಕಾಂಬೋಡಿಯಾ ಸೇರಿ ಹಲವು ದೇಶಗಳಲ್ಲಿ ತೆರವು ತಂಡಗಳು ಕೆಲಸ ನಿಲ್ಲಿಸಬೇಕಾಯಿತು. ಕೆಲವೆಡೆ ಆಮೇಲೆ ಮತ್ತೆ ಶುರುವಾಯಿತು. ಆದರೆ ಅರ್ಧ ತೆರವಾದ ಹೊಲ ಅರ್ಧ ಕಟ್ಟಿದ ಮನೆಯಂತಲ್ಲ. ಅರ್ಧ ಮನೆಯಲ್ಲಿ ಮಳೆಗೆ ಒಂದು ಮೂಲೆಯಾದರೂ ಸಿಗುತ್ತದೆ. ಓಣಿ ಎಲ್ಲಿ ನಿಂತಿತೆಂದು ಗುರುತಿಟ್ಟ ಗೂಟ ಗಾಳಿಗೆ ಬಿದ್ದರೆ, ಶುದ್ಧ ನೆಲವೂ ಕೆಟ್ಟ ನೆಲವೂ ಒಂದೇ ಹುಲ್ಲಿನಡಿ ಸೇರಿಹೋಗುತ್ತವೆ. ಕಲಿತ ಕೆಲಸಗಾರರು ಬೇರೆ ಕೂಲಿಗೆ ಹೋದರೆ ಆ ಕೈಗಳನ್ನು ಮತ್ತೆ ತಯಾರು ಮಾಡಬೇಕು.

ಆದರೆ ಈ ಸಂಗತಿಗಳಿಂದ ಪೂರ್ವಪಕ್ಷಿ ತೆಗೆದ ತೀರ್ಮಾನ ಉಲ್ಟಾ. ಹಣ ಮಧ್ಯದಲ್ಲಿ ನಿಲ್ಲುವುದು ಅದನ್ನು ದಾನವೆಂದು ಬಗೆದದ್ದರ ಫಲ. ಋಣವೆಂದು ಬಗೆದಿದ್ದರೆ ವರ್ಷವರ್ಷದ ಮರ್ಜಿಯ ಬದಲು ಮುಗಿಯುವವರೆಗಿನ ಕರಾರು ಇರುತ್ತಿತ್ತು. ಇಲ್ಲಿರುವ ದೋಷ ಕೊಡುವ ರೀತಿಯದು. ಅದನ್ನು ತಿದ್ದಬೇಕು, ಕೊಡುವುದನ್ನೇ ಬಿಡುವುದಲ್ಲ.

ಐದನೆಯ ಪೂರ್ವಪಕ್ಷ: ಮತ್ತೆ ಹುಗಿಯುತ್ತಿದ್ದಾರಲ್ಲ

‘2025ರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಫಿನ್ಲೆಂಡ್, ಪೋಲೆಂಡ್ ಒಪ್ಪಂದದಿಂದಲೇ ಹೊರಬರಲು ನಿರ್ಧರಿಸಿದವು. ಉಕ್ರೇನ್‌ನ ಹೊಲಗಳು ಬಾಂಬಿನಿಂದ ತುಂಬಿವೆ. ನಮ್ಮ ಭಾರತವೂ ಸಹಿ ಹಾಕಿಲ್ಲ. ಒಂದು ಕಡೆ ತೆಗೆಯುವುದು, ಇನ್ನೊಂದು ಕಡೆ ಹುಗಿಯುವುದು. ಇದರ ಅರ್ಥವೇನು?’

ಹೊಸ ಸಾಲ ಮಾಡಿದ ಮಾತ್ರಕ್ಕೆ ಹಳೆಯ ಸಾಲ ತೀರಿತೆಂದು ಯಾವ ಪಂಚಾಯಿತಿಯೂ ತೀರ್ಪು ಕೊಡುವುದಿಲ್ಲ. ನಾಳೆ ಯಾವುದೋ ಗಡಿಯಲ್ಲಿ ಹುಗಿಯುವ ಬಾಂಬ್, ಇಂದು ಶ್ರೀಲಂಕಾದ ರೈತನ ಹೊಲದಲ್ಲಿರುವುದನ್ನು ತೆಗೆಯದಿರಲು ಕಾರಣವಾಗದು. ಮೇಲಾಗಿ ಒಪ್ಪಂದ ವ್ಯರ್ಥವಾಗಿಲ್ಲ. ಸದಸ್ಯದೇಶಗಳು ತಮ್ಮ ಗೋದಾಮುಗಳಲ್ಲಿದ್ದ ಐದೂವರೆ ಕೋಟಿಗೂ ಹೆಚ್ಚು ನೆಲಬಾಂಬ್ ನಾಶ ಮಾಡಿವೆ. ಅವು ಇನ್ಯಾರ ಹೊಲಕ್ಕೂ ಹೋಗುವುದಿಲ್ಲ.

ಭಾರತದ ವಿಷಯವನ್ನು ನೇರವಾಗಿ ಹೇಳಬೇಕು. ಉದ್ದದ ಗಡಿ, ಬದಲಿ ಅಸ್ತ್ರದ ಕೊರತೆ ಎಂಬ ಕಾರಣ ಕೊಟ್ಟು ನಾವು ಒಟ್ಟಾವ ಒಪ್ಪಂದದಿಂದ ಹೊರಗುಳಿದಿದ್ದೇವೆ. 2001–02ರ ಆಪರೇಷನ್ ಪರಾಕ್ರಮ್ ಎಂಬ ಸೇನಾ ಜಮಾವಣೆಯ ಕಾಲದಲ್ಲಿ ಪಶ್ಚಿಮದ ಗಡಿಯುದ್ದಕ್ಕೂ ನಮ್ಮ ಸೇನೆ ನೆಲಬಾಂಬ್ ಹುಗಿಯಿತು, ಆಮೇಲೆ ತಾನೇ ತೆಗೆಯಿತು. ಗಡಿಯ ರೈತರು ಆ ಕಾಲದಲ್ಲಿ ತಮ್ಮದೇ ಹೊಲಕ್ಕೆ ಹೋಗಲಾಗದೆ ಕೂತರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ಸ್ಯಾಪರ್ ಪಡೆಗಳಿಗೆ ಹುಗಿಯುವುದೂ ತೆಗೆಯುವುದೂ ವೃತ್ತಿವಿದ್ಯೆ. ಈ ವಿದ್ಯೆಯನ್ನು ನಾವು ಒಳ್ಳೆಯದಕ್ಕೂ ಬಳಸಿದ್ದೇವೆ. 2009ರ ನಂತರ ಶ್ರೀಲಂಕಾದ ಉತ್ತರದಲ್ಲಿ ಮನೆಗೆ ಮರಳುವವರಿಗೆ ನೆಲ ಬಿಡಿಸಿಕೊಡಲು, ಹೊರೈಜನ್ ಮತ್ತು ಸರ್ವತ್ರ ಎಂಬ ಭಾರತೀಯ ಸಂಸ್ಥೆಗಳ ಏಳು ತಂಡಗಳು ಭಾರತ ಸರ್ಕಾರದ ಪೂರ್ತಿ ಖರ್ಚಿನಲ್ಲಿ ಕೆಲಸ ಮಾಡಿದವು. 1987ರಿಂದ 1990ರವರೆಗೆ ಅದೇ ನೆಲದಲ್ಲಿ ನಮ್ಮ ಶಾಂತಿಪಾಲನಾ ಪಡೆ ಯುದ್ಧ ಮಾಡಿತ್ತು ಎಂಬುದನ್ನು ನೆನೆದರೆ, ಆ ಖರ್ಚಿಗೆ ಔದಾರ್ಯಕ್ಕಿಂತ ಋಣವೆಂಬ ಹೆಸರೇ ಒಪ್ಪುತ್ತದೆ. ಸಹಿ ಹಾಕದವನಿಗೆ ಸಾಲ ತೀರಿಸುವ ಹೊಣೆಯಿಲ್ಲ ಎಂದೇನೂ ಇಲ್ಲ. ಅವನು ಇನ್ನಷ್ಟು ತೀರಿಸಬೇಕು.

ಸಿದ್ಧಾಂತ

ನಮ್ಮ ಪರಂಪರೆ ಮನುಷ್ಯನಿಗೆ ಮೂರು ಋಣ ಎಣಿಸಿತು: ದೇವಋಣ, ಋಷಿಋಣ, ಪಿತೃಋಣ. ಮೂರೂ ನಾವು ಕೇಳದೆಯೇ ಪಡೆದ ಒಳಿತಿಗೆ ಸಲ್ಲಿಸಬೇಕಾದ ಬಾಕಿ. ನೆಲಬಾಂಬಿನ ಸಾಲ ಅದಕ್ಕೆ ತಿರುಗುಮುರುಗು. ಇದು ಕೇಳದೆಯೇ ಇನ್ನೊಬ್ಬರ ಮೇಲೆ ಹೇರಿದ ಕೇಡಿನ ಬಾಕಿ. ಸಾಲ ಮಾಡಿದವರು ಸೇನಾಪತಿಗಳು, ಕಾರ್ಖಾನೆಗಳು, ಮಾರಾಟಕ್ಕೆ ಒಪ್ಪಿಗೆ ಕೊಟ್ಟ ಸರ್ಕಾರಗಳು. ಬಡ್ಡಿ ಕಟ್ಟುತ್ತಿರುವವರು ರೈತ, ದನ ಕಾಯುವ ಹುಡುಗ, ಸೌದೆಗೆ ಹೋದ ತಾಯಿ. ಕಟ್ಟುತ್ತಿರುವುದು ಕಾಲು, ಕೈ, ಕಣ್ಣುಗಳಲ್ಲಿ. ಸಾಲ ಮಾಡದವರು ಬಡ್ಡಿ ಕಟ್ಟುವ ಈ ಅನ್ಯಾಯ ಅಸಲು ತೀರುವವರೆಗೆ ನಿಲ್ಲದು. ಆದ್ದರಿಂದ ತೆರವಿಗೆ ಮತ್ತು ತಿಳಿವಳಿಕೆಗೆ ಕೊಡುವ ಅಂತರರಾಷ್ಟ್ರೀಯ ಹಣ ದಾನವಲ್ಲ, ಋಣ. ಅದನ್ನು ಸಲ್ಲಿಸುವುದು ನಿತ್ಯಕರ್ಮ.

ಪ್ರಯೋಜನ

ಹೆಸರು ಬದಲಾದರೆ ನಡೆಯೂ ಬದಲಾಗಬೇಕು. ಋಣವೆಂದು ಒಪ್ಪಿದ ಮೇಲೆ ಇಷ್ಟು ಕೆಲಸ ತಾನಾಗಿ ಹೊರಡುತ್ತದೆ.

ಹಣ ವರ್ಷದ ಲೆಕ್ಕದಲ್ಲಿ ಬಾರದೆ ಹೊಲದ ಲೆಕ್ಕದಲ್ಲಿ ಬರಬೇಕು. ಒಂದು ಜಿಲ್ಲೆಯ ಕೆಲಸ ಕೈಗೆತ್ತಿಕೊಂಡವರು ಅದು ಮುಗಿಯುವವರೆಗೆ ಕೊಡುತ್ತೇವೆಂದು ಬರೆದುಕೊಡಲಿ. ಕೊಡುವವರು ಯಾವ ದೇಶ ಸುದ್ದಿಯಲ್ಲಿದೆ ಎಂದು ನೋಡದೆ, ಎಲ್ಲಿ ಬಾಕಿ ಇದೆ ಎಂದು ನೋಡಲಿ.

ತೆರವಿನ ಹಣದ ಜತೆಗೇ ತಿಳಿವಳಿಕೆಯ ಹಣ ಬರಲಿ. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಹಾಕುವುದು ನಿಲ್ಲಲಿ. ಗಾಯಗೊಂಡವರ ಪಾಲನ್ನೂ ಮರೆಯುವಂತಿಲ್ಲ. ಜಾಫ್ನಾದಲ್ಲಿ 1987ರಿಂದಲೇ ಜೈಪುರ ಕಾಲು ತಯಾರಿಸಿ ಕೊಡುವ ಕೇಂದ್ರವಿದೆ. ನಮ್ಮ ರಾಜಸ್ಥಾನದಲ್ಲಿ ಹುಟ್ಟಿದ ಆ ಕೃತಕ ಕಾಲು ಎಷ್ಟೋ ಜನರನ್ನು ಮತ್ತೆ ಗದ್ದೆಗಿಳಿಸಿದೆ. ಬೆಳೆಯುವ ಮಗುವಿಗೆ ಅದನ್ನು ಮತ್ತೆ ಮತ್ತೆ ಬದಲಿಸಬೇಕು, ಅಂದರೆ ಆ ಖಾತೆ ಆ ಮಗುವಿನ ಆಯುಷ್ಯದಷ್ಟು ಉದ್ದ.

ಹಣ ಆದಷ್ಟು ಆ ಸೀಮೆಯ ಕೈಗಳಿಗೇ ಸೇರಲಿ. ಶ್ರೀಲಂಕಾದಲ್ಲಿ ಡ್ಯಾಶ್, ಶಾರ್ಪ್ ಎಂಬ ಸ್ಥಳೀಯ ಸಂಸ್ಥೆಗಳು ಹೊರಗಿನ ದೊಡ್ಡ ಸಂಸ್ಥೆಗಳ ಜತೆ ಸರಿಸಮವಾಗಿ ಈ ಕೆಲಸ ಮಾಡಿ ತೋರಿಸಿವೆ. ಇನ್ನು ಮುಂದೆ ಯಾವ ಸರ್ಕಾರ ನೆಲಬಾಂಬ್ ಹುಗಿದರೂ, ಎಲ್ಲಿ ಹುಗಿಯಿತೆಂಬ ನಕ್ಷೆಯನ್ನೂ ತೆಗೆಯುವ ಖರ್ಚನ್ನೂ ಅದೇ ದಿನ ತೆಗೆದಿಡಲಿ. ಆ ಖರ್ಚು ಮೂರು ಡಾಲರಿನ ಬಾಂಬಿನ ನಿಜವಾದ ಬೆಲೆಯೊಳಗೇ ಸೇರಿದೆ.

ಭಾರತ ತನ್ನ ಪಾಲನ್ನು ಹೆಚ್ಚಿಸಲಿ. ಹುಗಿಯುವ ವಿದ್ಯೆ ಬಲ್ಲ ನಾವು ತೆಗೆಯುವ ವಿದ್ಯೆಯಲ್ಲಿ ಮುಂದಾಳಾಗುವುದಕ್ಕೆ ಯಾವ ಗಡಿಯೂ ಅಡ್ಡವಿಲ್ಲ.

ತೆರವಾದ ನೆಲವನ್ನು ಊರಿಗೆ ಒಪ್ಪಿಸುವ ದಿನ ಕೆಲವೆಡೆ ಒಂದು ರೂಢಿಯಿದೆ. ಗೂಟಗಳನ್ನು ಕಿತ್ತ ಮೇಲೆ, ಅದನ್ನು ಶುದ್ಧಮಾಡಿದವರು ಕವಚ ಕಳಚಿಟ್ಟು ಸಾಲಾಗಿ ಆ ಹೊಲದ ಮೇಲೆ ಮೊದಲು ತಾವೇ ನಡೆದು ತೋರಿಸುತ್ತಾರೆ. ಹೊಲದ ಯಜಮಾನ ಬದುವಿನ ಮೇಲೆ ನಿಂತು ನೋಡುತ್ತಾನೆ, ಆಮೇಲೆ ತಾನೂ ಇಳಿಯುತ್ತಾನೆ. ಋಣ ತೀರಿತೋ ಇಲ್ಲವೋ ಎಂದು ಹೇಳುವ ಅಧಿಕಾರ ಕೊಟ್ಟವರಿಗಿಲ್ಲ. ಅದು ಹಾಗೆ ಇಳಿದ ಆ ಮನುಷ್ಯನಿಗಿದೆ. ಅವನು ಇಳಿಯುವವರೆಗೆ ನಮ್ಮ ಕಂತು ಬಾಕಿಯೇ.